ಜಗಲಿಯ ಪುಸ್ತಕ ಮಗುವಿನ ಕೈಗೆ ಬರಲಿ



ನನ್ನ ಮೊಮ್ಮಗಳಿಗೆ ಈಗ ಎರಡು ವರ್ಷ. ಒಂದಕ್ಷರವೂ ಗೊತ್ತಿಲ್ಲ. ಆದರೂ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ನಾನು ವಚನ ಓದಲು ಕುಳಿತರೆ ಎದುರಿಗೆ ಬಂದು ಕೂರುತ್ತಾಳೆ. ಕೈಗೆ ಸಿಕ್ಕ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನನ್ನ ರಾಗದಲ್ಲೇ ಏನೋ ಗುನುಗುತ್ತಾಳೆ. ಪುಟ ಮಗುಚುವಾಗ ನನ್ನಂತೆಯೇ ಬೆರಳಿಗೆ ಎಂಜಲು ಹಚ್ಚಿಕೊಳ್ಳುತ್ತಾಳೆ!

ಒಂದು ದಿನ ಜಗಲಿಯ ಮೇಲೆ ಬಟ್ಟೆ ಸುತ್ತಿಟ್ಟಿದ್ದ, ನಮ್ಮ ತಂದೆಯವರ ಕಾಲದ ವಚನ ಸಂಪುಟವನ್ನು ಎಳೆದುಕೊಂಡಳು. ಒಂದು ಹಾಳೆ ಹರಿಯಿತು. ನಾನು ಗದರಿಸಿ ಕಸಿದುಕೊಂಡೆ. ಮರುದಿನ ಅವಳು ಹತ್ತಿರ ಬರಲಿಲ್ಲ. ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡಿದಳು. ಸೊಸೆ ಮೆಲ್ಲಗೆ, “ಮಾವಾರ, ನೀವು ಓದೂದು ನೋಡೇ ಅಕಿ ಕಲತಾಳ್ರಿ. ನೀವೇ ಬಿಡಿಸಬ್ಯಾಡ್ರಿ” ಎಂದಳು. ಮಕ್ಕಳಿಗೆ ಅಕ್ಷರ ಕಲಿಸುವುದೇ ಕಾಯಕವಾಗಿದ್ದ ನನಗೆ ನಾಚಿಕೆಯಾಯಿತು.

ವಚನಗಳಿಗೂ ಹಿಂದೊಮ್ಮೆ ಇದೇ ಗತಿಯಾಗಿತ್ತು. ತಾಡೋಲೆ ಕಟ್ಟುಗಳು ಮಠ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳ. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಅಚ್ಚಿನ ಕೆಲಸಕ್ಕಾಗಿ ವಾಸದ ಮನೆಯನ್ನೇ ಮಾರಿದರು. ಪೂಜೆಯ ಕಟ್ಟನ್ನು ಓದಿನ ಪುಸ್ತಕ ಮಾಡಲು ಅವರು ಜೀವ ಸವೆಸಿದರೆ, ನಾವು ಅದೇ ಪುಸ್ತಕಕ್ಕೆ ಮತ್ತೆ ಬಟ್ಟೆ ಸುತ್ತಿ ಜಗಲಿ ಏರಿಸಿದ್ದೇವೆ.

“ಎರಡು ವರ್ಷದ ಕೂಸಿಗೆ ಪುಸ್ತಕವೇಕೆ? ಶಾಲೆಗೆ ಹೋದಾಗ ಓದೀತು” ಎನ್ನುವವರುಂಟು. ಅಳುವ ಅದೇ ಕೂಸಿನ ಕೈಗೆ ಮೊಬೈಲ್ ಕೊಡುವಾಗ ಈ ಮಾತು ನೆನಪಾಗುವುದಿಲ್ಲ! ಕೂಸಿಗೆ ಬೇಕಾಗಿರುವುದು ಅಕ್ಷರವಲ್ಲ. ಹಿರಿಯರ ತೊಡೆ, ಅವರ ದನಿ, ಚಿತ್ರ ತೋರಿಸುವ ಬೆರಳು, ಇಷ್ಟು ಸಾಕು. ಮುಂದೆ ಅಕ್ಷರ ಬಂದಾಗ ಅದು ಪರಿಚಿತರ ಮನೆಗೆ ಹೋದಂತೆ ಪುಸ್ತಕದೊಳಗೆ ಹೋಗುತ್ತದೆ. ಹಾಗೆಂದು ಮಗು ಆಸೆ ತೋರಿದೊಡನೆ ವಚನ ಬಾಯಿಪಾಠ ಮಾಡಿಸಿ, ಬಂದವರೆದುರು ಒಪ್ಪಿಸಲು ನಿಲ್ಲಿಸುವುದೂ ಬೇಡ. ಆಸೆಯನ್ನು ಕೊಲ್ಲಲು ಅದೂ ಒಂದು ದಾರಿ.

ಮಠಗಳು ಇಲ್ಲಿ ಬಹಳ ಮಾಡಬಲ್ಲವು. ಪ್ರಸಾದ ನಿಲಯದ ಪಡಸಾಲೆಯಲ್ಲಿ ಮಕ್ಕಳ ಕೈಗೆ ಎಟಕುವ ಒಂದು ಗೂಡಿನಲ್ಲಿ ಚಿತ್ರಪುಸ್ತಕಗಳಿರಲಿ. ಮಾಸಿಕ ಶಿವಾನುಭವಕ್ಕೆ ಬರುವ ತಾಯಂದಿರ ಕೂಸುಗಳಿಗೆ ಯಾರಾದರೂ ಕುಳಿತು ಕಥೆ ಓದಲಿ. ತೊಟ್ಟಿಲ ಕಾರ್ಯಕ್ಕೆ ಹೋಗುವವರು ಬೆಳ್ಳಿಯ ಬಟ್ಟಲಿನ ಜೊತೆಗೆ ಒಂದು ಪುಸ್ತಕವನ್ನೂ ಒಯ್ಯಲಿ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದೊಯ್ಯೋಣ. ಹರಿಯುವ ಹಾಳೆಯ ಲೆಕ್ಕವನ್ನು ದಾಸೋಹದ ಲೆಕ್ಕಕ್ಕೆ ಸೇರಿಸಿಕೊಳ್ಳೋಣ.

ಹರಿದ ಹಾಳೆಗೆ ನಾನು ಅಂದೇ ಗೋಂದು ಹಚ್ಚಿದೆ. ಸಂಪುಟವನ್ನು ಕೆಳಗಿನ ಗೂಡಿನಲ್ಲಿಟ್ಟೆ. ಮೊಮ್ಮಗಳು ಮತ್ತೆ ಬಂದು ಎದುರಿಗೆ ಕೂರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನನ್ನ ಓದು ನನಗೇ ರುಚಿಸಲಿಲ್ಲ.