ನಾಡಿನ ನದಿಗಳು: ಶರಾವತಿ

ಸಂಜೆಯಾದೊಡನೆ ಗುಂಡಿಯನ್ನೊತ್ತಿ ದೀಪ ಬೆಳಗಿಸುವ ನಮಗೆ ಆ ಬೆಳಕು ಎಲ್ಲಿಂದ ಬಂದಿತೆಂಬ ಯೋಚನೆ ಹುಟ್ಟುವುದು ಅಪರೂಪ. ಎಣ್ಣೆಯ ದೀಪದ ಕಾಲದಲ್ಲಾದರೋ, ಎಣ್ಣೆ ಯಾವ ಗಾಣದ್ದು, ಬತ್ತಿಯನ್ನು ಹೊಸೆದವರು ಯಾರು ಎಂಬುದು ಮನೆಯ ಮಕ್ಕಳಿಗೂ ತಿಳಿದಿರುತ್ತಿತ್ತು. ಕನ್ನಡನಾಡಿನ ಅಸಂಖ್ಯ ಮನೆಗಳ ಹಣತೆಗೆ ಹಲವು ದಶಕಗಳಿಂದ ಎಣ್ಣೆಯೆರೆಯುತ್ತಿರುವವಳು ಶರಾವತಿ. ಈ ತಿಂಗಳು ಆಕೆಯ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥವು ಈ ನದಿಯ ಜನ್ಮಸ್ಥಾನ. ಸೀತಾದೇವಿಯ ಬಾಯಾರಿಕೆಯನ್ನು ನೀಗಲು ಶ್ರೀರಾಮನು ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದೂ, ಶರದಿಂದ ಹುಟ್ಟಿದುದರಿಂದ ಶರಾವತಿಯೆಂಬ ಹೆಸರಾಯಿತೆಂದೂ ಅಲ್ಲಿಯ ಜನರು ಹೇಳುವರು. ಸುಮಾರು 128 ಕಿಲೋಮೀಟರು ಹರಿದು ಹೊನ್ನಾವರದ ಬಳಿ ಸಮುದ್ರವನ್ನು ಸೇರುವ ಈ ಚಿಕ್ಕ ನದಿಯು ನಡುದಾರಿಯಲ್ಲಿ ಜೋಗದ ಬಂಡೆಯಿಂದ 253 ಮೀಟರು ಕೆಳಕ್ಕೆ ಧುಮುಕುವುದು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ಆ ನಾಲ್ಕು ಧಾರೆಗಳನ್ನು ವರ್ಣಿಸಿದವರು ಬೇಕಾದಷ್ಟು ಮಂದಿಯಿರುವುದರಿಂದ ನಾವು ಮುಂದೆ ಸಾಗುತ್ತೇವೆ.

ಜೋಗದ ಕೆಳಗೆ, ಘಟ್ಟದ ಬುಡದಲ್ಲಿ, ಗೇರುಸೊಪ್ಪೆಯಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಜೈನ ರಾಣಿ ಚೆನ್ನಭೈರಾದೇವಿಯು ಇಲ್ಲಿಂದ ಆಳಿದಳು. ಘಟ್ಟದ ಮೆಣಸು ಈ ನದಿಯ ಮೇಲೆಯೇ ದೋಣಿಗಳಲ್ಲಿಳಿದು ಹಡಗು ಸೇರುತ್ತಿತ್ತಾದುದರಿಂದ ಪೋರ್ತುಗೀಸರು ಆಕೆಯನ್ನು 'ಮೆಣಸಿನ ರಾಣಿ'ಯೆಂದು ಕರೆದರು. ಆ ಬಳಿಕ ಕೆಳದಿಯ ವೆಂಕಟಪ್ಪ ನಾಯಕನು ಆ ರಾಜ್ಯವನ್ನು ಗೆದ್ದುಕೊಂಡನು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ದೋಣಿಯೇರಿ ಇದೇ ದಾರಿಯಾಗಿ ಇಕ್ಕೇರಿಗೆ ಹೋಗುವಾಗ ಗೇರುಸೊಪ್ಪೆಯ ಅರಮನೆಯು ಆಗಲೇ ಹಾಳಾಗಿ ಗಿಡಮರಗಳ ಪಾಲಾಗಿತ್ತು. ಕಾಡಿನ ನಡುವೆ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಆ ವೈಭವದ ಅಳತೆ ತಿಳಿಯುವುದು.

ನದಿಗೆ ಕಟ್ಟೆ ಬಿದ್ದುದು ನಮ್ಮ ಹಿರಿಯರ ಕಾಲದಲ್ಲಿ. ಮೈಸೂರು ಸಂಸ್ಥಾನದವರು ಹಿರೇಭಾಸ್ಕರದಲ್ಲಿ ಅಣೆಕಟ್ಟೆಯನ್ನೆಬ್ಬಿಸಿ, ಜೋಗದ ಕೆಳಗೆ ವಿದ್ಯುದಾಗಾರವನ್ನು ಸ್ಥಾಪಿಸಿದರು. ಈಗ ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತಿರುವ ಅದು 1948ರಲ್ಲಿ ಕೆಲಸಕ್ಕೆ ತೊಡಗಿತು. ಪೂರ್ಣಗೊಂಡಾಗ ಅದರ ಶಕ್ತಿ 120 ಮೆಗಾವಾಟ್. ಅದೂ ಸಾಲದೆ ಹೋಯಿತು. ಆದುದರಿಂದ ಹಿರೇಭಾಸ್ಕರಕ್ಕಿಂತ ಕೆಳಗೆ, ಲಿಂಗನಮಕ್ಕಿಯಲ್ಲಿ, ಬಹು ದೊಡ್ಡದೊಂದು ಕಟ್ಟೆಯನ್ನು 1964ರಲ್ಲಿ ಮುಗಿಸಿದರು. ಹಳೆಯ ಕಟ್ಟೆ ಹೊಸ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು! ಲಿಂಗನಮಕ್ಕಿಯ ನೀರು ಕಾಲುವೆಯಲ್ಲಿ ತಳಕಳಲೆಯ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟವಿಳಿದು, 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುವುದು. ಹೀಗೆ ನೀರು ಧಾರೆಯನ್ನು ಬಿಟ್ಟು ಬಳಸುದಾರಿಯಲ್ಲಿ ಇಳಿಯುವುದರಿಂದಲೇ ಬೇಸಿಗೆಯಲ್ಲಿ ಜೋಗಕ್ಕೆ ಹೋದವರು ಬರಿಯ ಬಂಡೆಯನ್ನು ಕಂಡು ಹಿಂದಿರುಗುವರು. ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ಆಷಾಢ ಶ್ರಾವಣಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು, ಕೊಡೆಯನ್ನು ಮರೆಯಬಾರದು.

ಈ ಹಿನ್ನೀರು ಸುಮಾರು 300 ಚದರ ಕಿಲೋಮೀಟರು ನೆಲವನ್ನು ನುಂಗಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ತೋಟ ಗದ್ದೆ ದೇವಸ್ಥಾನಗಳೊಡನೆ ಕಾಣದಾದುವು. ಗದ್ದೆಗೆ ಬದಲು ಗದ್ದೆ ಕೊಟ್ಟೇವೆನ್ನಬಹುದು. ಅಡಕೆಯ ತೋಟಕ್ಕೆ ಬದಲೇನು? ಸಸಿ ನೆಟ್ಟು ಫಲ ಕಾಣಲು ವರ್ಷಗಳು ಬೇಕು. ಅದಕ್ಕೆ ನೀರಿನ ಪಸೆಯುಳ್ಳ ಕಣಿವೆ ಬೇಕು, ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇಕು. ಇವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಲಾದೀತೆ? ಗೇಣಿಗೆ ಉಳುತ್ತಿದ್ದವರ ಪಾಡು ಇನ್ನೂ ಕಷ್ಟದ್ದು. ಭೂಮಿಯ ಕಾಗದದಲ್ಲಿ ಹೆಸರಿಲ್ಲದವನಿಗೆ ಪರಿಹಾರದ ಹಣ ಮುಟ್ಟುವ ಬಗೆಯೆಂತು? ಇದೇ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದ್ದುದನ್ನು ಇಲ್ಲಿ ನೆನೆಯಬೇಕು.

ಎದ್ದುಬಂದವರಲ್ಲಿ ಅನೇಕರಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಜಾಗ ತೋರಿಸಲಾಯಿತು. ಆ ನೆಲ ಅರಣ್ಯದ ಲೆಕ್ಕದಿಂದ ಸರಿಯಾಗಿ ಬಿಡುಗಡೆಯಾಗದೆ, ಮೊಮ್ಮಕ್ಕಳ ಕಾಲಕ್ಕೂ ಎಷ್ಟೋ ಕುಟುಂಬಗಳ ಹಕ್ಕುಪತ್ರದ ವ್ಯಾಜ್ಯ ತೀರಿಲ್ಲ. ಅಂಥ ಒಂದು ಊರಿನಲ್ಲಿ ನಾವು ಕಂಡ ವೃದ್ಧೆಯೊಬ್ಬರು, "ನಮ್ಮ ಮನೆ ಹಿತ್ತಲ ಹಲಸಿನ ಹಣ್ಣು ಆ ವರ್ಷ ಬಲಿಯೋ ಮೊದಲೇ ನೀರು ಬಂತಪ್ಪ," ಎಂದರು. "ಕರೆಂಟಿಗೇಂತ ಮನೆ ಬಿಟ್ವಿ. ಇಲ್ಲಿಗೆ ಕರೆಂಟು ಬರೋ ಹೊತ್ತಿಗೆ ನನಗೆ ಮೊಮ್ಮಕ್ಕಳಾಗಿದ್ರು." ಅವರು ಇದನ್ನು ನಗುತ್ತಲೇ ಹೇಳಿದರು, ನಮಗೆ ನಗಲಾಗಲಿಲ್ಲ.

ಮುಳುಗಡೆಯ ಕಾಲವನ್ನು ಹತ್ತಿರದಿಂದ ಕಂಡಿದ್ದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 2025ರ ಜನವರಿಯಲ್ಲಿ ತೀರಿಕೊಂಡ ಆ ಹಿರಿಯರ ಪುಸ್ತಕಗಳನ್ನು ಮನೆಯವರೆಲ್ಲರೂ ಓದಬಹುದು.

ಹಿನ್ನೀರಿನಾಚೆ ಉಳಿದವರದು ಬೇರೊಂದು ಕತೆ. ಸಾಗರದ ಪೇಟೆಗೆ, ಆಸ್ಪತ್ರೆಗೆ, ಹೆರಿಗೆಗೆ ಬರಬೇಕಾದರೂ ಅವರು ಲಾಂಚಿಗೆ ಕಾಯಬೇಕಿತ್ತು. ರಾತ್ರಿ ಲಾಂಚು ನಿಂತಮೇಲೆ ಕಾಯಿಲೆಯವರಿಗೆ ದೇವರೇ ಗತಿ. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರ ಜುಲೈಯಲ್ಲಿ, ಕಟ್ಟೆಯಾಗಿ ಅರುವತ್ತು ವರ್ಷಗಳ ತರುವಾಯ. ಈ ನಡುವೆ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಮೇಲೆತ್ತಿ ಮರಳಿ ಇಳಿಸುವ 2000 ಮೆಗಾವಾಟಿನ ಹೊಸ ಯೋಜನೆಯ ಪ್ರಸ್ತಾಪ ಎದ್ದಿದೆ. ಸಿಂಗಳೀಕಗಳಿರುವ ಆ ಕಾಡಿನ ವಿಷಯವಾಗಿ ವಾದವೂ ಬಲವಾಗಿದೆ. ಬೇಡವೆನ್ನುವವರ ಮಾತಿನಲ್ಲಿ ಹುರುಳಿದೆಯೆಂದೇ ನಮ್ಮೆಣಿಕೆ. ಮೊದಲಿನ ಸಾಲವೇ ಇನ್ನೂ ತೀರಿಲ್ಲವಷ್ಟೆ.

ಮಳೆ ಕಡಮೆಯಾದ ವರ್ಷ ಬೇಸಿಗೆಯ ಕೊನೆಗೆ ಹಿರೇಭಾಸ್ಕರದ ಹಳೆಯ ಕಟ್ಟೆ ನೀರಿನಿಂದ ಮೇಲೇಳುವುದು. ನಾವು ಹೋದ ದಿನ ಅದರ ಮೇಲೆ ಜನ ನಡೆದಾಡುತ್ತಿದ್ದರು. ಕೆಸರು ಒಣಗಿ ಬಿರಿದ ಬಯಲಿನಲ್ಲಿ ಮರದ ಬೊಡ್ಡೆಗಳು ಹಾಗೆಯೇ ನಿಂತಿದ್ದುವು. ಮುಂದಿನ ಸಂಚಿಕೆಯಲ್ಲಿ ಕಾಳೀ ನದಿಯ ವಿಚಾರ.