ಪಟ್ಟಣ ನೋಡಿ ಬರುವುದು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋಶವನ್ನು ಓದುವ ಕ್ರಮವನ್ನು ಕಲಿಸುವುದಕ್ಕೆ ಪಾಠಶಾಲೆಗಳಿವೆ. ದೇಶವನ್ನು ಸುತ್ತುವ ಕ್ರಮವನ್ನು ಕಲಿಸುವ ಶಾಲೆ ಎಲ್ಲಿಯೂ ಇಲ್ಲ. ಆದಕಾರಣ ಈ ತಿಂಗಳು ವಾಚಕ ಮಹಾಶಯರೊಡನೆ ಆ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ನಾವು ಹೇಳಹೊರಟಿರುವುದು ಕಾಶೀರಾಮೇಶ್ವರಗಳ ಯಾತ್ರೆಯನ್ನು ಕುರಿತಲ್ಲ. ಗೃಹಸ್ಥನೊಬ್ಬನು ಹೆಂಡತಿಮಕ್ಕಳೊಡನೆ, ಸ್ನೇಹಿತನ ಕುಟುಂಬವನ್ನೂ ಜೊತೆಗೂಡಿಕೊಂಡು, ಶನಿವಾರ ಭಾನುವಾರಗಳ ಬಿಡುವಿನಲ್ಲಿ ಮೊದಲ ಬಾರಿಗೆ ಮಹಾನಗರವನ್ನು ನೋಡಿಬರುವ ಸಾಮಾನ್ಯವಾದ ಸಂಗತಿಯನ್ನು ಕುರಿತು.

ನಮ್ಮ ಹೊಸಪೇಟೆಯ ಸೀಮೆಯವರಿಗೆ ಇದು ಈಗ ಕಷ್ಟವಾದ ಕೆಲಸವಲ್ಲ. ಕಂಪ್ಲಿಯವರೂ ಸಂಡೂರಿನವರೂ ಬಸ್ಸಿನಲ್ಲಿ ಹೊಸಪೇಟೆಗೆ ಬಂದು, ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸನ್ನು ಹತ್ತಿ ಮಲಗಿದರೆ ಶನಿವಾರ ಬೆಳಗ್ಗೆ ಬೆಂಗಳೂರಿನಲ್ಲಿ ಕಣ್ಣು ತೆರೆಯಬಹುದು. ಭಾನುವಾರ ರಾತ್ರಿ ಅದೇ ರೀತಿ ಹೊರಟು ಸೋಮವಾರ ಬೆಳಗ್ಗೆ ಮನೆಯನ್ನು ಸೇರಬಹುದು. ಹೋಗುವುದು ಸುಲಭವಾಯಿತು, ಹೋಗಿ ಸುಖವಾಗಿ ಬರುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಇದಕ್ಕೆ ನಮಗೆ ತಿಳಿದ ಒಂದು ದೃಷ್ಟಾಂತವನ್ನು ಹೇಳುವೆವು.

ನಮ್ಮಲ್ಲಿ ಓದಿದ ಶಿಷ್ಯನೊಬ್ಬನು ಕಂಪ್ಲಿಯಲ್ಲಿ ಗದ್ದೆಯನ್ನು ಮಾಡಿಕೊಂಡಿದ್ದಾನೆ. ಅವನ ಬಾಲ್ಯಮಿತ್ರನು ಸಂಡೂರಿನ ಕಡೆಯ ಗಣಿಯಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಹಬ್ಬಕ್ಕೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಳಿಗೆ ಹೋಗಿ ಬರುವಷ್ಟು ಸಲಿಗೆ. ಹೋದ ವರ್ಷ ಎರಡು ಕುಟುಂಬಗಳೂ ಸೇರಿ ಬೆಂಗಳೂರಿಗೆ ಹೊರಟವು. ಶಿಷ್ಯನ ವೃದ್ಧಮಾತೆಯೂ ಜೊತೆಯಲ್ಲಿದ್ದರು.

ಸಂಡೂರಿನ ಮಿತ್ರನು ನೋಡತಕ್ಕ ಸ್ಥಳಗಳ ಪಟ್ಟಿಯೊಂದನ್ನು ಮಾಡಿಕೊಂಡು ಬಂದಿದ್ದನು. ಅದರಲ್ಲಿ ಹದಿನಾಲ್ಕು ಹೆಸರುಗಳಿದ್ದುವು. ಒಂದರಿಂದ ಒಂದಕ್ಕೆ ಓಡಿ, ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಅಳುವುದಕ್ಕೆ ಆರಂಭಿಸಿದರು. ದೊಡ್ಡ ಮಳಿಗೆಯೊಂದರಲ್ಲಿ ಅವನು ತನ್ನ ಮಗನಿಗೆ ಬೆಲೆಯುಳ್ಳ ಆಟದ ಸಾಮಾನೊಂದನ್ನು ಕೊಂಡನು. ಔದಾರ್ಯದಿಂದ ಅಂಥದೇ ಇನ್ನೊಂದನ್ನು ಮಿತ್ರನ ಮಗನಿಗೂ ಕೊಡಿಸಿದನು. ಹುಡುಗನು ಕುಣಿದನು, ಅವನ ತಾಯಿಯ ಮುಖವು ಬಾಡಿತು. ಋಣವು ಪ್ರೀತಿಯ ವೇಷದಲ್ಲಿ ಬಂದರೂ ಋಣವೇ ಅಲ್ಲವೆ? ಆ ಋಣವನ್ನು ತೀರಿಸಲೆಂದು ಮರುದಿನ ಕಂಪ್ಲಿಯವನು ಎಲ್ಲರ ಊಟದ ಹಣವನ್ನು ಹಟದಿಂದ ತಾನೇ ಕೊಟ್ಟನು. ಅದು ಮಗಳ ಶಾಲೆಗೆಂದು ತೆಗೆದಿರಿಸಿದ್ದ ಹಣ. ವೃದ್ಧೆಯು ಮೂರು ಗಂಟೆಯ ಕಾಲ ಮಳಿಗೆಯ ಕೆಳಗಿನ ಬೆಂಚಿನಲ್ಲಿ ಚೀಲಗಳನ್ನು ಕಾಯುತ್ತ ಕುಳಿತಿದ್ದರು. ಬಸವನಗುಡಿಯ ದೊಡ್ಡ ಬಸವನನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದೊಂದೇ ಆಕೆಯ ಆಸೆ. ಹದಿನಾಲ್ಕರ ಪಟ್ಟಿಯಲ್ಲಿ ಅದಿರಲಿಲ್ಲ, ಆಕೆಯನ್ನು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಭಾನುವಾರ ರಾತ್ರಿ ಎರಡು ಕುಟುಂಬಗಳೂ ಒಂದೇ ಡಬ್ಬಿಯ ಎರಡು ಕೊನೆಗಳಲ್ಲಿ ಮಲಗಿ ಊರಿಗೆ ಬಂದವು. ಜಗಳವೇನೂ ನಡೆಯಲಿಲ್ಲ. ಆದರೆ ಮುಂದಿನ ಹಬ್ಬಕ್ಕೆ ಹೋಳಿಗೆ ಹೋಗಲಿಲ್ಲ, ಬರಲೂ ಇಲ್ಲ. ಇದಲ್ಲದೆ ಇನ್ನೊಂದು ಮಾತು ಶಿಷ್ಯನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು. ಊರು ತಲಪುವ ಹೊತ್ತಿನಲ್ಲಿ ಮಗನು ಕಿಟಕಿಯ ಹೊರಗೆ ನೋಡುತ್ತ, “ಅಪ್ಪಾ, ನಮ್ಮೂರಾಗ ಇಂಥಾದ್ದು ಏನೂ ಇಲ್ಲೇನು?” ಎಂದು ಕೇಳಿದನಂತೆ. ಶಿಷ್ಯನಿಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆಯನ್ನೇ ಅವನು ನಮ್ಮಲ್ಲಿಗೆ ತಂದನು.

ಹುಡುಗನ ಪ್ರಶ್ನೆಗೆ ಉತ್ತರವುಂಟು. ಅದನ್ನು ಮೊದಲು ಹೇಳುವೆವು. ಬೆಂಗಳೂರು ನಮ್ಮ ಊರಿಗೆ ಪರಕೀಯವಲ್ಲ, ಮಗಳ ಸಮಾನವಾದ ಊರು. 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದ ಯಲಹಂಕದ ಕೆಂಪೇಗೌಡರು ವಿಜಯನಗರಕ್ಕೆ ಅಧೀನರಾದ ನಾಡಪ್ರಭುಗಳು. ಆಗ ಹಂಪೆಯಲ್ಲಿ ಆಳುತ್ತಿದ್ದವನು ಅಚ್ಯುತದೇವರಾಯ. ಕೆಂಪೇಗೌಡರು ರಾಜಧಾನಿಯ ವೈಭವವನ್ನು ಕಂಡು, ತಮ್ಮ ಸೀಮೆಯಲ್ಲಿಯೂ ಅಂಥ ಊರೊಂದು ಆಗಬೇಕೆಂದು ಬಯಸಿದರೆಂದು ಹೇಳುವರು. ಅವರೂ ಸಣ್ಣ ಊರಿನಿಂದ ದೊಡ್ಡ ಪಟ್ಟಣವನ್ನು ನೋಡಲು ಬಂದವರೇ. ಆದರೆ ಅವರು ಕೊಂಡುಹೋದುದು ಆಟದ ಸಾಮಾನನ್ನಲ್ಲ. ಪಟ್ಟಣವನ್ನು ಕಟ್ಟುವ ಬಗೆಯನ್ನು. ಬೇರೆ ಬೇರೆ ಕಸುಬಿಗೆ ಬೇರೆ ಬೇರೆ ಪೇಟೆ, ದೇವಸ್ಥಾನ, ಅದಕ್ಕೂ ಹೆಚ್ಚಾಗಿ ಕೆರೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇಂದಿಗೂ ಅಲ್ಲಿ ನಿಂತಿವೆ.

ಮಗುವನ್ನು ಹಂಪೆಯ ವಿರೂಪಾಕ್ಷನ ಬೀದಿಯಲ್ಲಿ ನಡೆಸಿ, ಅದರ ಪೂರ್ವದ ಕೊನೆಯಲ್ಲಿರುವ ಎದುರು ಬಸವಣ್ಣನನ್ನು ತೋರಿಸಿ, ಹೇಮಕೂಟದ ಬಳಿಯ ಸಾಸಿವೆಕಾಳು ಕಡಲೆಕಾಳು ಗಣಪತಿಗಳ ಮುಂದೆ ನಿಲ್ಲಿಸಿರಿ. ಆಮೇಲೆ ಅದೇ ಮಗುವನ್ನು ಬಸವನಗುಡಿಗೆ ಕರೆದುಕೊಂಡು ಹೋಗಿ ದೊಡ್ಡ ಬಸವನನ್ನೂ ಪಕ್ಕದ ದೊಡ್ಡ ಗಣಪತಿಯನ್ನೂ ತೋರಿಸಿದರೆ, ಅದು ನಾಚುವುದಿಲ್ಲ. ನೆಂಟರ ಮನೆಗೆ ಬಂದಂತೆ ನಗುತ್ತದೆ.

ನೀರಿನ ವಿಷಯವನ್ನು ನೋಡಿರಿ. 1565ರ ಯುದ್ಧದ ತರುವಾಯ ಹಂಪೆಯ ಅರಮನೆಗಳು ಬಿದ್ದುಹೋದುವು. “ಹಾಳು ಹಂಪೆ” ಎಂಬ ಮಾತು ಉಳಿಯಿತು. ಆದರೆ ರಾಯರ ಕಾಲದ ತುರ್ತು ಕಾಲುವೆಯು ಇಂದಿಗೂ ಹಂಪೆಯ ಬಾಳೆತೋಟಗಳಿಗೂ ಗದ್ದೆಗಳಿಗೂ ನೀರುಣಿಸುತ್ತಿದೆ. ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆಗಳೂ, ಕಂಪ್ಲಿಯ ಕಾಲುವೆಯೂ ಆ ಕಾಲದವೇ. ಬೆಂಗಳೂರಿನಲ್ಲಿಯಾದರೋ ಕಟ್ಟಡಗಳು ಮೇಲೆದ್ದುವು, ಕೆರೆಗಳು ಮುಚ್ಚಿದುವು. ನಾವು ಬಸ್ಸಿಳಿಯುವ ಮೆಜೆಸ್ಟಿಕ್ಕಿನ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ನೆಲದಲ್ಲಿ. ಈಗ ಆ ನಗರಕ್ಕೆ ಕುಡಿಯುವ ನೀರು ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ಏರಿ ಬರಬೇಕು. ತಾಯಿಯ ಮನೆಯಲ್ಲಿ ಉಪ್ಪರಿಗೆ ಹೋಗಿ ಬಾವಿ ಉಳಿಯಿತು. ಮಗಳ ಮನೆಯಲ್ಲಿ ಬಾವಿ ಹೋಗಿ ಉಪ್ಪರಿಗೆ ಎದ್ದಿತು. “ನಮ್ಮೂರಲ್ಲಿ ಏನೂ ಇಲ್ಲವೆ?” ಎಂದು ಕೇಳಿದ ಹುಡುಗನನ್ನು ಅವನ ತಂದೆಯು ತನ್ನ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಆ ಕಾಲುವೆಯನ್ನು ತೋರಿಸಬೇಕು. ಸಂಡೂರಿನ ಹುಡುಗನಿಗೂ ತೋರಿಸತಕ್ಕದ್ದುಂಟು. ಅವನ ಊರಿನ ಬೆಟ್ಟದ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತದೆ. ಉಕ್ಕಿಲ್ಲದೆ ಯಾವ ಮಹಾನಗರವು ಮೇಲೇಳುವುದು?

ಇನ್ನು ಹಿರಿಯರು ಅನುಸರಿಸತಕ್ಕ ಕ್ರಮವನ್ನು ಹೇಳುವೆವು.

ಮೊದಲನೆಯದು, ಎಲ್ಲವನ್ನೂ ನೋಡುವೆವೆಂಬ ಸಂಕಲ್ಪವನ್ನು ಬಿಡಬೇಕು. ಸುಮಾರು 1520ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸರ ಡೊಮಿಂಗೋ ಪಾಯಸನು, ಬೆಟ್ಟವೊಂದನ್ನು ಹತ್ತಿ ನಿಂತರೂ ಪಟ್ಟಣವೆಲ್ಲವೂ ಒಮ್ಮೆಗೆ ಕಾಣಲಿಲ್ಲವೆಂದೂ, ಕಂಡಷ್ಟೇ ರೋಮಾಪುರಿಯಷ್ಟು ದೊಡ್ಡದೆಂದೂ ಬರೆದನು. ಪಟ್ಟಣವನ್ನು ನೋಡಲೆಂದೇ ಕಣ್ಣು ತೆರೆದುಕೊಂಡು ಬಂದವನ ಪಾಡು ಇದಾದರೆ, ಎರಡು ದಿನಗಳ ನಮ್ಮ ಪಾಡೇನು? ದಿನಕ್ಕೆ ಎರಡೇ ಸ್ಥಳಗಳು ಸಾಕು. ಶನಿವಾರ ಬೆಳಗ್ಗೆ ಲಾಲ್‌ಬಾಗು: 1760ರಲ್ಲಿ ಹೈದರಾಲಿಯು ಆರಂಭಿಸಿದ ತೋಟ, ಗಾಜಿನ ಮನೆ, ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ. ಸಂಜೆ ಬಸವನಗುಡಿ. ಭಾನುವಾರ ಕಬ್ಬನ್ ಉದ್ಯಾನ, 1956ರಲ್ಲಿ ಮುಗಿದ ವಿಧಾನಸೌಧದ ಹೊರನೋಟ. ಮೆಟ್ರೋ ರೈಲು 2011ರಿಂದ ಓಡುತ್ತಿದೆ. ಅದರಲ್ಲಿ ಕುಳಿತು ಹೋಗುವುದೇ ಮಕ್ಕಳಿಗೆ ಒಂದು ನೋಟ. ಲಾಲ್‌ಬಾಗಿಗೂ ಚಿಕ್ಕಪೇಟೆಗೂ ಅದರ ನಿಲ್ದಾಣಗಳಿವೆ.

ಎರಡನೆಯದು, ಹಣದ ಮಾತನ್ನು ಹೊರಡುವ ಮೊದಲೇ ಆಡಬೇಕು. ಸ್ನೇಹಿತರಲ್ಲಿ ಲೆಕ್ಕವೇನು ಎನ್ನುವರು; ಲೆಕ್ಕವಿಲ್ಲದ ಕಡೆಯೇ ಸ್ನೇಹವು ಸವೆಯುವುದು. ಎರಡು ಮನೆಯವರೂ ತಲೆಗೆ ಇಷ್ಟೆಂದು ಒಂದೇ ಚೀಲದಲ್ಲಿ ಹಾಕಿ, ಊಟ, ಬಾಡಿಗೆ, ವಸತಿಗಳಿಗೆ ಅದರಿಂದಲೇ ಕೊಡಬೇಕು. ಆ ಮೊತ್ತವನ್ನು ಕಡಿಮೆ ಅನುಕೂಲವುಳ್ಳ ಮನೆಯವರು ಹೇಳಬೇಕು. ಹೆಚ್ಚು ಅನುಕೂಲವುಳ್ಳವರು ಮರುಮಾತಿಲ್ಲದೆ ಒಪ್ಪಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಇಬ್ಬರು ಒಂದೇ ಹಾಸಿಗೆಯಲ್ಲಿ ಮಲಗುವಾಗ ಉದ್ದವಾದ ಕಾಲಿನವನು ತುಸು ಮಡಿಸಿಕೊಳ್ಳಬೇಕು. ಇತರರ ಮಕ್ಕಳಿಗೆ ಏನನ್ನಾದರೂ ಕೊಡಿಸಬೇಕೆನಿಸಿದರೆ ಮೊದಲು ಆ ಮಕ್ಕಳ ತಾಯಿಯನ್ನು ಕೇಳಬೇಕು.

ಮೂರನೆಯದು, ಒಂದು ಹೊತ್ತು ಬೇರೆಯಾಗಿರಬೇಕು. ಎರಡು ದಿನವೂ ಎಂಟು ಹತ್ತು ಜನ ಒಂದೇ ಗುಂಪಾಗಿ ತಿರುಗಿದರೆ ಯಾರಿಗೂ ತೃಪ್ತಿಯಾಗದು. ಶನಿವಾರ ಮಧ್ಯಾಹ್ನ ಒಬ್ಬರು ಚಿಕ್ಕಪೇಟೆಯಲ್ಲಿ ಸೀರೆಯನ್ನು ನೋಡಲಿ, ಇನ್ನೊಬ್ಬರು ವಸತಿಯಲ್ಲಿ ಮಕ್ಕಳನ್ನು ಮಲಗಿಸಲಿ. ಸಂಜೆ ಕೂಡಿದಾಗ ಹೇಳಿಕೊಳ್ಳುವುದಕ್ಕೆ ಮಾತುಗಳಿರುವುವು.

ನಾಲ್ಕನೆಯದೂ ಮುಖ್ಯವಾದುದೂ ಇದು. ಸ್ಥಳಗಳ ಪಟ್ಟಿಯನ್ನು ಬರೆಯುವಾಗ ಮನೆಯ ಹಿರಿಯರಿಂದ ಆರಂಭಿಸಬೇಕು. ಮಕ್ಕಳಿಗೆ ಮುಂದೆ ಎಷ್ಟೋ ಅವಕಾಶಗಳು ಬರುವುವು. ಮಂಡಿ ನೋಯುವ ವೃದ್ಧರಿಗೆ ಇದೇ ಮೊದಲನೆಯದು, ಇದೇ ಕೊನೆಯದೂ ಆಗಬಹುದು. ಅವರು ತಾವಾಗಿ ಕೇಳುವುದಿಲ್ಲ. ಮಗನ ಖರ್ಚು ಹೆಚ್ಚೀತೆಂದು ಸುಮ್ಮನಿರುತ್ತಾರೆ. ಆ ಮೌನವನ್ನು ಸಮ್ಮತಿಯೆಂದು ತಿಳಿಯುವುದು ನ್ಯಾಯವಲ್ಲ. “ಅವ್ವಾ, ನಿನಗೆ ಏನು ನೋಡಬೇಕು?” ಎಂದು ಬಾಯಿಬಿಟ್ಟು ಕೇಳಬೇಕು, “ನನಗೇನೂ ಬೇಡಪ್ಪ” ಎಂದರೆ ಎರಡನೆಯ ಬಾರಿ ಕೇಳಬೇಕು.

ಶಿಷ್ಯನಿಗೂ ಇಷ್ಟನ್ನೇ ಹೇಳಿದೆವು. ಮೊದಲು ಸಂಡೂರಿಗೆ ಹೋಗಿ ಮಿತ್ರನ ಮನೆಯಲ್ಲಿ ಊಟಮಾಡಿ ಬರಬೇಕೆಂದೂ, ಎರಡು ಮನೆಯ ಮಕ್ಕಳನ್ನೂ ಒಂದು ದಿನ ಹಂಪೆಯಲ್ಲಿ ತಿರುಗಿಸಬೇಕೆಂದೂ ತಿಳಿಸಿದೆವು. ಅವನು ಹಾಗೆಯೇ ಮಾಡಿದನು. ಮಿತ್ರನೂ ಬಾಗಿಲಲ್ಲಿಯೇ ಅವನನ್ನು ತಬ್ಬಿಕೊಂಡನಂತೆ; ಮನಸ್ಸಿನಲ್ಲಿ ನೋವು ಅವನಿಗೂ ಇತ್ತು. ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದಷ್ಟೆ. ಆ ಗದ್ದಲವು ಕಳೆದ ತರುವಾಯ ಎರಡು ಕುಟುಂಬಗಳೂ ಮತ್ತೆ ಹೊರಡುವುದೆಂದು ಗೊತ್ತಾಗಿದೆ. ರೈಲಿನ ಸ್ಥಳಗಳನ್ನು 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದಾದುದರಿಂದ ವೃದ್ಧೆಗೆ ಕೆಳಗಿನ ಹಲಗೆಯೇ ಸಿಕ್ಕಿದೆ. ಈ ಬಾರಿಯ ಪಟ್ಟಿಯಲ್ಲಿ ನಾಲ್ಕೇ ಹೆಸರುಗಳು. ಮೊದಲನೆಯದು ದೊಡ್ಡ ಬಸವನದು.

ಹೊರಡಲಿರುವ ವಾಚಕರು ತಮ್ಮ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡುವರೆಂದು ನಂಬಿದ್ದೇವೆ.