ದೊಡ್ಡ ಮನಸ್ಸು ಮತ್ತು ನಿಯಮದ ಬಲ

1974ರ ಪೋಸ್ಟ್‌ಕಾರ್ಡಿನ ಕಥೆಯನ್ನು ಕನ್ನಡದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗಿ ಸುಧಾ ಕುಲಕರ್ಣಿ, ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲವೆಂಬ ಟೆಲ್ಕೋ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಬರೆದದ್ದು ನಮಗೆಲ್ಲ ಗೊತ್ತು. ಆದರೆ ಅದೇ ಸಂಸ್ಥೆಯ ಆವರಣದಲ್ಲಿ ನಲವತ್ತು ವರ್ಷ ಮೊದಲು ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1933ರಲ್ಲಿ ಕಮಲಾ ಭಾಗವತ್ ಅಲ್ಲಿಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ತಂದೆಯೂ ಅಲ್ಲೇ ಓದಿದವರು, ಮಗಳ ಅಂಕಗಳಲ್ಲಿ ಕೊರತೆಯಿರಲಿಲ್ಲ; ಹೆಣ್ಣೆಂಬ ಒಂದೇ ಕಾರಣಕ್ಕೆ ಅರ್ಜಿ ವಾಪಸಾಯಿತು. ಆಕೆ ಹಟ ಹಿಡಿದು ಕೂತ ಮೇಲೆ ಪ್ರವೇಶವೇನೋ ಸಿಕ್ಕಿತು, ಷರತ್ತುಗಳೊಂದಿಗೆ: ಒಂದು ವರ್ಷ ಪರೀಕ್ಷಾರ್ಥ ಅವಧಿ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಗಂಡು ಸಂಶೋಧಕರ ಗಮನ ಕೆಡಿಸಕೂಡದು. ಗೈಡ್ ಆಗಿದ್ದ ಶ್ರೀನಿವಾಸಯ್ಯ ಮಾತ್ರ ಶಿಷ್ಯೆಯನ್ನು ಶಿಷ್ಯೆಯಾಗಿಯೇ ಕಂಡು ಕೆಲಸ ಕಲಿಸಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಮನಸ್ಸು ಬದಲಾಯಿತು, ಮುಂದೆ ಅನ್ನಾ ಮಣಿಯಂಥವರು ಅವರದೇ ಪ್ರಯೋಗಾಲಯದಲ್ಲಿ ದುಡಿದರು. ವಿಜ್ಞಾನದಲ್ಲಿ ಅಷ್ಟು ದೂರ ಕಂಡ ಕಣ್ಣಿಗೆ ಎದುರಿಗಿದ್ದ ಅನ್ಯಾಯ ಕಾಣಲು ಒಂದು ವರ್ಷ ಬೇಕಾಯಿತು ಎಂಬುದು ಇವತ್ತಿಗೂ ನೋವಿನ ಸಂಗತಿ.

ಜೆ.ಆರ್.ಡಿ. ಆ ಕಾರ್ಡನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು, ಹಾಕಲಿಲ್ಲ. ಪುಣೆಗೆ ಸಂದರ್ಶನದ ಕರೆ ಬಂತು, ಕೆಲಸ ಸಿಕ್ಕಿತು, ಕಾರ್ಖಾನೆಯ ಶಾಪ್ ಫ್ಲೋರಿಗೆ ಹೆಣ್ಣು ಎಂಜಿನಿಯರ್ ಕಾಲಿಟ್ಟರು. ಈ ಘಟನೆಯನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. ಆದರೆ ಕಾರ್ಡು ಬರೆಯುವ ಧೈರ್ಯವೂ ಓದುವ ದೊಡ್ಡ ಮನಸ್ಸೂ ಒಟ್ಟಿಗೆ ಕೂಡಿಬಂದಾಗ ಮಾತ್ರ ತೆರೆಯುವ ಬಾಗಿಲು ಎಷ್ಟು ಜನರಿಗೆ ದಕ್ಕೀತು? ಐದು ವರ್ಷದ ನಂತರ ಕೊಡಗಿನ ಸಿ.ಬಿ. ಮುತ್ತಮ್ಮ ಆ ದಾರಿ ಹಿಡಿಯಲಿಲ್ಲ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಟ್ಟು ಸೇರಿದ್ದರು. ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಸೇವಾ ನಿಯಮಗಳಲ್ಲಿದ್ದ ತಾರತಮ್ಯವನ್ನೇ ಖಂಡಿಸಿ, ಅವುಗಳನ್ನು ಪರಿಷ್ಕರಿಸಬೇಕೆಂದರು. ಒಬ್ಬರಿಗೆ ಸಿಕ್ಕ ನ್ಯಾಯ ಮುಂದೆ ಬರುವವರಿಗೂ ಸಿಗುವ ಬಗೆ ಇದು.

ನನ್ನ ಕಣ್ಣಿನಲ್ಲಿ ಈ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದ ಈ ‘ನೀರ್ ಸಾಬ್’ ತಂದ 1983ರ ಪಂಚಾಯತಿ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆದಾಗ ಎಷ್ಟೋ ಮಂಡಲ ಪಂಚಾಯತಿಗಳಲ್ಲಿ ಸಹಿ ಹೆಂಡತಿಯದು, ಅಧಿಕಾರ ಗಂಡನದು. ಮರುವರ್ಷ ನಜೀರ್ ಸಾಬ್ ತೀರಿಕೊಂಡರು. ಅವರ ಒಳ್ಳೆಯತನವನ್ನೇ ನಂಬಿಕೊಂಡ ವ್ಯವಸ್ಥೆಯಾಗಿದ್ದರೆ ಅದೂ ಅವರೊಂದಿಗೇ ಮುಗಿಯುತ್ತಿತ್ತು. ಮುಗಿಯಲಿಲ್ಲ. 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟಿತು, ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು.

ಆಮೇಲಿನದು ಕಾನೂನುಗಳ ಕಾಲ: ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ತೀರ್ಪು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ, ಅದೇ ವರ್ಷದ ಕಂಪನಿ ಕಾಯ್ದೆ. ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕೆಂದಾಗ ಹಲವು ಯಜಮಾನರು ಮನೆಯವರನ್ನೇ ಕೂರಿಸಿದರು. ಅಕ್ಷರ ಪಾಲಿಸಿ ಆಶಯ ಕೈಬಿಡುವ ಈ ಚಾಳಿ ಕೆಳಗಿನವರೆಗೂ ಇಳಿದಿದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ ನೋಡಿ: ಹೊಲಿಗೆ ಯಂತ್ರದ ಮುಂದೆ ಸಾಲುಸಾಲು ಹೆಂಗಸರು, ಟಾರ್ಗೆಟ್ ಆಗಿಲ್ಲವೆಂದು ಗದರುತ್ತ ಓಡಾಡುವ ಸೂಪರ್‌ವೈಸರ್ ಹೆಚ್ಚಾಗಿ ಗಂಡಸು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯಲು ಹೇರಿದ ಹೊಸ ನಿರ್ಬಂಧದ ವಿರುದ್ಧ ಈ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ಕೇಂದ್ರ ಸರ್ಕಾರವೇ ಹಿಂದೆ ಸರಿಯುವಂತೆ ಮಾಡಿದರು. ಆ ದಿನ ಅವರ ಪರ ನಿಂತು ಮಾತಾಡಿದ ದೊಡ್ಡ ಉದ್ಯಮಿ ಒಬ್ಬರೂ ನನ್ನ ನೆನಪಿಗೆ ಬರುತ್ತಿಲ್ಲ.

ಗಳಿಸಿದ್ದು ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಅರ್ಜಿ ಹಾಕಬೇಡಿ ಎಂದು ಇಂದು ಯಾರೂ ಅಚ್ಚು ಹಾಕಿಸಲಾರರು. ಆದರೆ ಸಂದರ್ಶನದಲ್ಲಿ ಮದುವೆ ಯಾವಾಗ ಎಂಬ ಪ್ರಶ್ನೆ ಇನ್ನೂ ಸತ್ತಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಗೆ 26 ವಾರ ರಜೆ ಕೊಟ್ಟಿತು, 50 ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಬೇಕೆಂದಿತು, ತಂದೆಗೆ ಒಂದು ದಿನವನ್ನೂ ಕೊಡಲಿಲ್ಲ. ಹೀಗಾಗಿ ಮಗುವಿನ ಹೊಣೆ ಹೆಣ್ಣಿನದು ಮಾತ್ರ ಎಂಬ ಹಳೆಯ ಲೆಕ್ಕ ನೇಮಕಾತಿಯ ಮೇಜಿನ ಮೇಲೆ ಹಾಗೇ ಉಳಿಯಿತು. ಮಹಿಳಾ ದಿನದಂದು ವೇದಿಕೆಯೇರಿ ಸಮಾನತೆಯ ಮಾತಾಡುವ ಕಂಪನಿ ಮುಖ್ಯಸ್ಥರು ತಮ್ಮ ಸಂಸ್ಥೆಯ ತಂದೆಯರಿಗೂ ಸಂಬಳ ಸಹಿತ ರಜೆಯ ನಿಯಮ ಬರೆಯಲಿ. ಮ್ಯಾನೇಜರುಗಳು ಅದನ್ನು ಪೂರ್ತಿ ಬಳಸುವಂತೆ ನೋಡಿಕೊಳ್ಳಲಿ, ಬಳಸಿದವನ ಬಡ್ತಿ ತಡೆಯದಿರಲಿ. ಇದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.